ಅಡುಗೆಕಟ್ಟೆಯ ಹಿಂದಿನ ಗೋಡೆಗೆ ಟೈಲ್ಸ್: ಬಣ್ಣ ನೋಡುವ ಮೊದಲು ಸಂದು ಲೆಕ್ಕ ಹಾಕಿ

ಹೊಸದಾಗಿ ಮಾಡಿಸಿದ ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಮೊದಲು ಹಳೆಯದಾಗಿ ಕಾಣತೊಡಗುವುದು ಒಲೆಯ ಹಿಂದಿನ ಗೋಡೆ. ದಿನಕ್ಕೆ ಎರಡು ಮೂರು ಸಲ ಒಗ್ಗರಣೆ ಸಿಡಿಯುತ್ತದೆ, ಕುಕ್ಕರ್ ಸೀಟಿ ಹೊಡೆದಾಗ ಬೇಳೆಯ ನೀರು ಹಾರುತ್ತದೆ, ಅರಿಶಿನದ ಕೈ ಸ್ವಿಚ್ಚಿಗೆ ಹೋಗುವಾಗ ಗೋಡೆಗೂ ತಾಗುತ್ತದೆ. ಒಂದು ವರ್ಷವಾದ ಮೇಲೆ ಹತ್ತಿರ ಹೋಗಿ ನೋಡಿ: ಟೈಲ್ಸಿನ ಮುಖ ಒಂದು ಸಲ ಒರೆಸಿದರೆ ಮೊದಲಿನ ಹಾಗೇ ಹೊಳೆಯುತ್ತದೆ. ಹಳದಿ, ಕಂದು, ಕಪ್ಪಾಗಿ ಕೂತಿರುವುದು ಅವುಗಳ ನಡುವಿನ ಸಂದು.

ಮೇಸ್ತ್ರಿಗಳು ಡ್ಯಾಡೋ ಎಂದು ಕರೆಯುವ ಈ ಗೋಡೆಗೆ ಟೈಲ್ಸ್ ಆರಿಸುವಾಗ ಮೊದಲ ಪ್ರಶ್ನೆ ಆದ್ದರಿಂದ ಒಂದೇ: ನನ್ನ ಗೋಡೆಯಲ್ಲಿ ಎಷ್ಟು ಮೀಟರ್ ಸಂದು ಬರುತ್ತದೆ?

ಉದಾಹರಣೆಗೆ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಸಿಗುವ ಎಲ್ ಆಕಾರದ ಅಡುಗೆಕಟ್ಟೆ ತೆಗೆದುಕೊಳ್ಳೋಣ. ಒಂದು ಗೋಡೆ 10 ಅಡಿ, ಇನ್ನೊಂದು 7 ಅಡಿ, ಗ್ರಾನೈಟಿನಿಂದ ಮೇಲಿನ ಕಪಾಟಿನವರೆಗೆ 2 ಅಡಿ. ಕಿಟಕಿ, ಚಿಮ್ನಿ ಎಲ್ಲ ಹಿಡಿದು ಟೈಲ್ಸ್ ಬರುವ ಜಾಗ ಸುಮಾರು 35 ಚದರ ಅಡಿ, ಅಂದರೆ 3.25 ಚದರ ಮೀಟರ್. ಇಷ್ಟೇ ಜಾಗಕ್ಕೆ 600×1200 ಮಿ.ಮೀ. ಟೈಲ್ಸ್ ಹಾಕಿದರೆ ಸಂದಿನ ಒಟ್ಟು ಉದ್ದ ಸುಮಾರು 8 ಮೀಟರ್. 300×600 ಹಾಕಿದರೆ 16 ಮೀಟರ್. ಈಗ ಎಲ್ಲರೂ ಕೇಳುವ ಸಬ್‌ವೇ ಮಾದರಿಯ 75×300ಕ್ಕೆ 54 ಮೀಟರ್, ಅದರ ಚಿಕ್ಕ ಅಳತೆಯಾದ 75×150ಕ್ಕೆ 65 ಮೀಟರ್. ಒಂದು ಇಂಚಿನ ಮೊಸಾಯಿಕ್ ಹಾಕಿದರೆ ಅದು 250 ಮೀಟರ್ ದಾಟುತ್ತದೆ. ಲೆಕ್ಕ ಸುಲಭ: ಟೈಲ್ಸಿನ ಉದ್ದ, ಅಗಲವನ್ನು ಮೀಟರಿನಲ್ಲಿ ಬರೆದು, 1 ಅನ್ನು ಒಂದೊಂದರಿಂದಲೂ ಭಾಗಿಸಿ ಕೂಡಿಸಿ. ಬಂದದ್ದು ಒಂದು ಚದರ ಮೀಟರಿಗೆ ಬರುವ ಸಂದಿನ ಉದ್ದ.

ಸಬ್‌ವೇ ಟೈಲ್ಸ್ ಹಾಕಲೇಬಾರದು ಎಂದಲ್ಲ. ನೋಡಲು ಚೆಂದ, ಸಣ್ಣ ಗೋಡೆಗೆ ಹೊಂದುತ್ತದೆ. ಆದರೆ 54 ಮೀಟರ್ ಸಂದಿಗೆ ಸಿಮೆಂಟ್ ಗ್ರೌಟ್, ಅಂದರೆ ಸಂದು ತುಂಬುವ ಸಿಮೆಂಟ್ ಮಿಶ್ರಣ, ತುಂಬಿಸಿದರೆ ಮುಂದಿನ ಹತ್ತು ವರ್ಷ ಹಲ್ಲುಜ್ಜುವ ಬ್ರಷ್ ಹಿಡಿದು ಉಜ್ಜುವ ಕೆಲಸ ಮನೆಯವರ ಪಾಲಿಗೆ ಬರುತ್ತದೆ. ಸಣ್ಣ ಟೈಲ್ಸ್ ಬೇಕೆಂದರೆ ಸುಲಭಕ್ಕೆ ಕಲೆ ಹಿಡಿಯದ, ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟಿನ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ. ಮೊಸಾಯಿಕ್ ಮತ್ತು ಗೋಡೆಯಿಂದ ಎದ್ದು ನಿಲ್ಲುವ ತ್ರೀಡಿ ಟೈಲ್ಸನ್ನು ಒಲೆಯ ಹಿಂದೆ ಹಾಕದಿರುವುದೇ ಒಳ್ಳೆಯದು. ಆಸೆಯಿದ್ದರೆ ಊಟದ ಮೇಜಿನ ಪಕ್ಕದ ಗೋಡೆಗೆ ಹಾಕಿ.

ಸೆರಾಮಿಕ್ ಸಾಕೇ, ವಿಟ್ರಿಫೈಡ್ ಬೇಕೇ?

ಅಂಗಡಿಯಲ್ಲಿ ಹೆಚ್ಚಾಗಿ ಕೇಳುವ ಮಾತು "ವಿಟ್ರಿಫೈಡ್ ಗಟ್ಟಿ, ಅದನ್ನೇ ತಗೊಳ್ಳಿ" ಎಂಬುದು. ಗಟ್ಟಿ ನಿಜ, ಆದರೆ ಆ ಗಟ್ಟಿತನ ಬೇಕಾಗುವುದು ನೆಲಕ್ಕೆ. ಗೋಡೆಯ ಮೇಲೆ ಯಾರೂ ನಡೆಯುವುದಿಲ್ಲ. ಸೆರಾಮಿಕ್ ವಾಲ್ ಟೈಲ್ಸಿನ ಒಡಲು ತನ್ನ ತೂಕದ 10%ಕ್ಕಿಂತ ಹೆಚ್ಚು ನೀರು ಹೀರುತ್ತದೆ, ವಿಟ್ರಿಫೈಡ್ 0.5%ಕ್ಕಿಂತ ಕಡಿಮೆ. ಆದರೆ ಎಣ್ಣೆ, ಅರಿಶಿನ ತಾಗುವುದು ಒಡಲಿಗಲ್ಲ, ಮೇಲಿನ ಗಾಜಿನಂಥ ಗ್ಲೇಜಿಗೆ. ಒಳ್ಳೆಯ ಗ್ಲೇಜ್ ಇದ್ದರೆ ಎರಡೂ ಒಂದೇ. ಸೆರಾಮಿಕ್ ಹಗುರ, ಸ್ವಿಚ್ ಬಾಕ್ಸಿಗೆ ತೂತು ಕೊರೆಯುವುದು ಸುಲಭ, ಬೆಲೆಯೂ ಕಡಿಮೆ. 300×450, 300×600 ಅಳತೆಯಲ್ಲಿ ಸೆರಾಮಿಕ್ ಧಾರಾಳವಾಗಿ ಸಾಕು. 600×1200 ಬೇಕೆಂದರೆ ಸಿಗುವುದು ಬಹುಪಾಲು ಜಿವಿಟಿ, ಅಂದರೆ ಗ್ಲೇಜ್ ಮಾಡಿದ ವಿಟ್ರಿಫೈಡ್. 9 ಮಿ.ಮೀ. ದಪ್ಪದ ಒಂದು ತುಂಡೇ ಸುಮಾರು 15 ಕೆ.ಜಿ. ತೂಗುತ್ತದೆ. ಗೋಡೆ ನೆಟ್ಟಗಿರಬೇಕು, ಅನುಭವಿ ಮೇಸ್ತ್ರಿ ಬೇಕು.

ಒಂದು ಜಾತಿಯ ಬಗ್ಗೆ ಎಚ್ಚರ: ಗ್ಲೇಜ್ ಇಲ್ಲದೆ ಬರೀ ಪಾಲಿಶ್ ಮಾಡಿದ ವಿಟ್ರಿಫೈಡ್. ಪಾಲಿಶ್ ಮಾಡುವಾಗ ಮೇಲ್ಮೈಯ ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಅರಿಶಿನದೆಣ್ಣೆ ಅದರೊಳಗೆ ಇಳಿದರೆ ಸೋಪಿಗೆ ಬಿಡುವುದಿಲ್ಲ. ತಿಳಿ ಬಣ್ಣದ್ದಾದರೆ ಇನ್ನೂ ಕಷ್ಟ.

ಇದನ್ನೆಲ್ಲ ಮಾತಿನಲ್ಲಿ ನಂಬಬೇಕಾಗಿಲ್ಲ. ಇಷ್ಟವಾದ ಎರಡು ಮೂರು ಟೈಲ್ಸಿನ ಒಂದೊಂದು ತುಂಡು ಮನೆಗೆ ತನ್ನಿ. ಅರ್ಧ ಚಮಚ ಅರಿಶಿನ, ಒಂದು ಚಮಚ ಕಾದ ಎಣ್ಣೆ ಕಲಸಿ ಒಂದು ಮೂಲೆಗೆ ಹಚ್ಚಿ. ಇನ್ನೊಂದು ಮೂಲೆಗೆ ಗಟ್ಟಿ ಹುಣಸೆರಸ. ಮೂರನೆಯದಕ್ಕೆ ಪೆನ್ಸಿಲ್ಲಿನಿಂದ ಗೀಚಿ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಸ್ಪಂಜಿನಿಂದ ಒರೆಸಿ. ಹಳದಿ ನೆರಳು ಉಳಿದರೆ ಆ ಟೈಲ್ಸ್ ಬೇಡ. ಪೆನ್ಸಿಲ್ ಗೀಟು ಹೋಗದಿದ್ದರೆ ಮೇಲ್ಮೈ ಒರಟಾಗಿದೆ, ಎಣ್ಣೆಯ ಜಿಡ್ಡೂ ಹಾಗೇ ಕೂರುತ್ತದೆ. ಗ್ಲಾಸಿ ಬಹುತೇಕ ಪಾಸಾಗುತ್ತದೆ, ನುಣುಪಾದ ಮ್ಯಾಟ್ ಕೂಡ. ಕೈಯಾಡಿಸಿದರೆ ಸಕ್ಕರೆ ಉದುರಿದಂತೆ ತರಿತರಿಯಾಗಿರುವ ಶುಗರ್ ಫಿನಿಶ್, ಗೆರೆ ಕೊರೆದ ಕಾರ್ವಿಂಗ್ ಫಿನಿಶ್ ಇಲ್ಲೇ ಸೋಲುತ್ತವೆ.

ಅಮೃತಶಿಲೆ ಒಲೆಯ ಹಿಂದೆ ಬೇಡ. ನಿಂಬೆ, ಹುಣಸೆ, ಮೊಸರು ಯಾವುದು ಹಾರಿದರೂ ಅದರ ಹೊಳಪು ಅಲ್ಲಲ್ಲಿ ಮಾಸುತ್ತದೆ; ಅದು ಕಲೆಯಲ್ಲ, ಕಲ್ಲೇ ಕರಗಿದ ಗುರುತು. ತಮಿಳುನಾಡಿನ ಅತ್ತಂಗುಡಿಯಂಥ ಸಿಮೆಂಟ್ ಟೈಲ್ಸಿಗೂ ಇದೇ ತೊಂದರೆ, ಜೊತೆಗೆ ಅವು ಎಣ್ಣೆ ಕುಡಿಯುತ್ತವೆ. ಕ್ವಾರ್ಟ್ಸ್ ಹಲಗೆಯಲ್ಲಿ ರಾಳ ಇರುವುದರಿಂದ ಗ್ಯಾಸ್ ಬರ್ನರ್ ಹತ್ತಿರ ಬಿಸಿಗೆ ಬಣ್ಣ ತಿರುಗಬಹುದು. ಗ್ರಾನೈಟನ್ನೇ ಗೋಡೆಗೂ ಏರಿಸುವುದು ಗಟ್ಟಿಮುಟ್ಟಾದ ದಾರಿ, ಆದರೆ ಅಡುಗೆಮನೆ ಕತ್ತಲಾಗುತ್ತದೆ.

ಬಣ್ಣ, ಬೆಳಕು, ಬೋರ್‌ವೆಲ್ ನೀರು

ನಮ್ಮಲ್ಲಿ ಅಡುಗೆಕಟ್ಟೆ ಬಹುಪಾಲು ಕಪ್ಪು ಗ್ರಾನೈಟ್. ಅದರ ಹಿಂದೆ ಕಪ್ಪು ಅಥವಾ ಗಾಢ ಬೂದು ಬಣ್ಣದ ಗ್ಲಾಸಿ ಟೈಲ್ಸ್ ಚಿತ್ರದಲ್ಲಿ ಬಲು ಚೆಂದ. ಬೆಂಗಳೂರು, ಕೋಲಾರದ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಮಾತ್ರ ಸಿಂಕಿನ ಹಿಂದೆ ವಾರದೊಳಗೆ ಬಿಳಿ ಸುಣ್ಣದ ಚುಕ್ಕೆಗಳು ಏಳುತ್ತವೆ. ತೆಗೆಯಲು ಆಸಿಡ್ ಹಾಕಿದರೆ ಸಿಮೆಂಟ್ ಗ್ರೌಟ್ ಸವೆಯುತ್ತದೆ, ಗ್ರಾನೈಟಿನ ಪಾಲಿಶ್ ಕೂಡ ಹಾಳಾಗಬಹುದು. ತೀರಾ ಬಿಳಿಯೂ ಅಲ್ಲದ, ತೀರಾ ಗಾಢವೂ ಅಲ್ಲದ ಕೆನೆಬಣ್ಣ, ತಿಳಿ ಬೂದು, ತಿಳಿ ಹಸಿರು ಇಲ್ಲಿ ಬಾಳುತ್ತವೆ. ಸಣ್ಣ ಗೆರೆಯ ಮಾರ್ಬಲ್ ವಿನ್ಯಾಸ ಸಿಡಿತವನ್ನು ಮುಂದಿನ ಒರೆಸುವ ಹೊತ್ತಿನವರೆಗೆ ಮರೆಮಾಚುತ್ತದೆ. ಕರಾವಳಿಯಲ್ಲಿ ಸುಣ್ಣದ ತೊಂದರೆ ಕಡಿಮೆ, ಮಳೆಗಾಲದ ತೇವಕ್ಕೆ ಸಂದಿನಲ್ಲಿ ಬೂಸ್ಟು ಕೂರುವುದು ಹೆಚ್ಚು. ಅಲ್ಲಿ ಬಿಳಿ ಸಿಮೆಂಟ್ ತುಂಬಿದ ಸಂದು ಒಂದೇ ಮಳೆಗಾಲಕ್ಕೆ ಮಚ್ಚೆ ಬೀಳುತ್ತದೆ.

ಕಾಫಿ ಲೋಟ, ತರಕಾರಿ ಬುಟ್ಟಿಯ ಚಿತ್ರವಿರುವ ಹೈಲೈಟರ್ ಟೈಲ್ಸ್ ಬಗ್ಗೆ ಒಂದು ಮಾತು. ಆ ವಿನ್ಯಾಸಗಳು ಬೇಗ ಮಾರುಕಟ್ಟೆಯಿಂದ ಹೋಗುತ್ತವೆ. ನಾಲ್ಕು ವರ್ಷದ ಮೇಲೆ ನಲ್ಲಿ ಸೋರಿ ಒಂದು ಟೈಲ್ಸ್ ಒಡೆಯಬೇಕಾದರೆ ಜೋಡಿ ಸಿಗುವುದಿಲ್ಲ. ಸಾದಾ ಬಣ್ಣಕ್ಕೆ ಹತ್ತಿರದ್ದಾದರೂ ಸಿಕ್ಕೀತು.

ಅಂಗಡಿಗೆ ಹೋಗುವಾಗ ಕಪಾಟಿನ ಲ್ಯಾಮಿನೇಟ್ ತುಂಡು, ಗ್ರಾನೈಟಿನ ಚೂರು ಕೈಯಲ್ಲಿರಲಿ. ಬಿಳಿಯಲ್ಲಿ ಹತ್ತು ಬಗೆ. ನೀಲಿ ಛಾಯೆಯ ಬಿಳಿ ಟೈಲ್ಸ್ ಪಕ್ಕದಲ್ಲಿ ಕೆನೆಬಿಳಿ ಕಪಾಟು ಕೊಳೆಯಾದಂತೆ ಕಾಣುತ್ತದೆ. ತಂದ ತುಂಡನ್ನು ಕಟ್ಟೆಯ ಮೇಲೆ ಗೋಡೆಗೆ ಆನಿಸಿ, ಹಗಲು ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ. ಕಪಾಟಿನ ಕೆಳಗೆ ಎಲ್‌ಇಡಿ ಪಟ್ಟಿ ಹಾಕಿಸುವುದಾದರೆ ಇನ್ನೊಂದು ವಿಷಯ: ಮೇಲಿನಿಂದ ಗೋಡೆಗುಂಟ ಇಳಿಯುವ ಬೆಳಕು ಟೈಲ್ಸಿನ ಅಂಚುಗಳ ಅರ್ಧ ಮಿಲಿಮೀಟರ್ ಏರುಪೇರನ್ನೂ ನೆರಳಾಗಿ ತೋರಿಸುತ್ತದೆ. ಗ್ಲಾಸಿಯಲ್ಲಿ ಪಟ್ಟಿಯ ಒಂದೊಂದು ಬಲ್ಬಿನ ಪ್ರತಿಬಿಂಬ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಅಂಥ ಕಡೆ ನುಣುಪು ಮ್ಯಾಟ್ ಮೇಲು.

ಅಳತೆ: 2 ಅಡಿ ಎಂದರೆ 600 ಮಿ.ಮೀ. ಅಲ್ಲ

ಹೆಚ್ಚಿನ ತಪ್ಪು ಇಲ್ಲಿ ಆಗುತ್ತದೆ. 2 ಅಡಿ ಎಂದರೆ 610 ಮಿ.ಮೀ. "1×2 ಅಡಿ" ಎಂದು ಮಾರುವ ಟೈಲ್ಸ್ 300×600 ಮಿ.ಮೀ. ಅಡ್ಡಡ್ಡ ಎರಡು ಸಾಲು ಹಾಕಿದರೆ ಗ್ರಾನೈಟಿನ ಮೇಲೆ 3 ಮಿ.ಮೀ. ಸಂದು, 300, ನಡುವೆ 2, ಮತ್ತೆ 300, ಒಟ್ಟು 605. ಮೇಲಿನ ಕಪಾಟು ಇನ್ನೂ ಕೂರಿಸಿಲ್ಲದಿದ್ದರೆ ಅದರ ತಳ ಗ್ರಾನೈಟಿನಿಂದ 590 ಮಿ.ಮೀ. ಎತ್ತರದಲ್ಲಿ ಬರಲಿ ಎಂದು ಬಡಗಿಗೆ ಬರೆದುಕೊಡಿ. ಟೈಲ್ಸಿನ ಮೇಲಂಚು 15 ಮಿ.ಮೀ. ಕಪಾಟಿನ ಹಿಂದೆ ಅಡಗುತ್ತದೆ, ಕತ್ತರಿಸಿದ ಪಟ್ಟಿ ಎಲ್ಲೂ ಬೇಕಾಗುವುದಿಲ್ಲ. ಟೈಲ್ಸ್ ಮತ್ತು ಅಂಟಿನ ದಪ್ಪ ಸೇರಿ 10ರಿಂದ 12 ಮಿ.ಮೀ. ಆಗುವುದರಿಂದ, ಕಪಾಟಿನ ಮೇಲ್ಭಾಗಕ್ಕೂ ಅಷ್ಟೇ ದಪ್ಪದ ಪ್ಯಾಕಿಂಗ್ ಕೊಡಲು ಹೇಳಿ. ಇಲ್ಲದಿದ್ದರೆ ಕಪಾಟು ಹಿಂದಕ್ಕೆ ವಾಲುತ್ತದೆ. ಕಪಾಟು ಆಗಲೇ ಕೂತಿದ್ದು ಅಂತರ 625 ಇದ್ದರೆ ಮೇಲೆ 20 ಮಿ.ಮೀ. ಪಟ್ಟಿ ಉಳಿಯುತ್ತದೆ. ಅಷ್ಟು ಸಣ್ಣ ತುಂಡು ನೇರವಾಗಿ ಕತ್ತರಿಸಿ ಬರುವುದಿಲ್ಲ. ಎಲ್‌ಇಡಿಯ ಅಲ್ಯೂಮಿನಿಯಂ ಚಾನೆಲನ್ನು ಗೋಡೆಯ ಬದಿಗೆ ಸರಿಸಿ ಆ ಜಾಗ ಮುಚ್ಚಿಸುವುದು ಜಾಣತನ.

ಗ್ರಾನೈಟ್‌ನವರು ಕಟ್ಟೆಯ ಮೇಲೆ ಗೋಡೆಗೆ 4 ಇಂಚಿನ ಗ್ರಾನೈಟ್ ಪಟ್ಟಿ ಕೂರಿಸುವ ರೂಢಿ ಕೆಲವೆಡೆ ಇದೆ. ಬೇಕೋ ಬೇಡವೋ ಮೊದಲೇ ಹೇಳಿ. ಪಟ್ಟಿ ಬಂದರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ.

ಅಡ್ಡ ಅಳತೆಗೂ ಇದೇ ಕಾಳಜಿ ಬೇಕು. 10 ಅಡಿ ಅಂದರೆ 3048 ಮಿ.ಮೀ. ಎಡ ಮೂಲೆಯಿಂದ 600ರ ಟೈಲ್ಸ್ ಹಾಕುತ್ತ ಹೋದರೆ ಐದು ಇಡೀ ಟೈಲ್ಸ್ ಆಗಿ ಬಲಗಡೆ ಸುಮಾರು 38 ಮಿ.ಮೀ. ಪಟ್ಟಿ ಉಳಿಯುತ್ತದೆ, ನೋಡಿದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ನಾಲ್ಕು ಇಡೀ ಟೈಲ್ಸ್ ನಡುವೆ ಇಟ್ಟರೆ ಎರಡೂ ತುದಿಗೆ 319 ಮಿ.ಮೀ. ತುಂಡು ಬರುತ್ತದೆ. 7 ಅಡಿ ಗೋಡೆಗೆ (2134 ಮಿ.ಮೀ.) ಕಾಣುವ ತುದಿಯಿಂದ ಮೂರು ಇಡೀ ಟೈಲ್ಸ್, ಮೂಲೆಗೆ 328 ಮಿ.ಮೀ. ತುಂಡು.

ಈಗ ಎಣಿಕೆ. ಚದರ ಅಡಿ ಲೆಕ್ಕದಲ್ಲಿ 300×600 ಟೈಲ್ಸ್ ಒಂದಕ್ಕೆ 1.94 ಚದರ ಅಡಿ; 35ಕ್ಕೆ 18 ಟೈಲ್ಸ್, 10% ವೇಸ್ಟೇಜ್ ಸೇರಿಸಿ 20 ಎನ್ನುತ್ತಾರೆ. ಸಾಲಿನ ಪ್ರಕಾರ ಎಣಿಸಿ ನೋಡಿ. 10 ಅಡಿ ಗೋಡೆಗೆ ಸಾಲಿಗೆ 6. 319ರ ತುಂಡು ಕತ್ತರಿಸಿದ ಮೇಲೆ ಉಳಿಯುವುದು 281, ಇನ್ನೊಂದು ತುದಿಗೆ ಸಾಲದು. ಎರಡು ಸಾಲಿಗೆ 12. ಕಟ್ಟೆಯಿಂದ ಒಂದಡಿ ಮೇಲೆ 4 ಅಡಿ ಅಗಲದ ಕಿಟಕಿ ಇದ್ದರೆ 2 ಕಳೆಯಿರಿ, ಆದರೆ ಕಿಟಕಿಯ ಅರ್ಧ ಅಡಿ ಆಳದ ಕೆಳಗಟ್ಟೆ ಮತ್ತು ಪಕ್ಕಗಳಿಗೆ 3 ಸೇರಿಸಿ. 7 ಅಡಿ ಗೋಡೆಗೆ 8. ಒಲೆಯ ಹಿಂದೆ 2 ಅಡಿಗೆ ನಿಲ್ಲಿಸುವ ಹಾಗಿಲ್ಲ: ಚಿಮ್ನಿಯ ತಳ ಒಲೆಯಿಂದ 65ರಿಂದ 75 ಸೆಂ.ಮೀ. ಮೇಲೆ ಬರುತ್ತದೆ, ಟೈಲ್ಸ್ ಅದರ ಹಿಂದೆ ಇನ್ನೂ ಅರ್ಧ ಅಡಿ ಏರಬೇಕು. ಅದಕ್ಕೆ 2. ಒಟ್ಟು 23. ಒಡೆಯುವುದಕ್ಕೆ 3, ಮುಂದಿನ ರಿಪೇರಿಗೆ 2, ಅಂದರೆ 28. ಬಾಕ್ಸಿನಲ್ಲಿ 6 ಇದ್ದರೆ 5 ಬಾಕ್ಸ್. ಸಣ್ಣ ಗೋಡೆಗೆ ದೊಡ್ಡ ಟೈಲ್ಸ್ ಹಾಕುವಾಗ 10% ಎಂಬುದು ಎಂದೂ ಸಾಲುವುದಿಲ್ಲ. ಸಬ್‌ವೇ ಅಳತೆಗೆ ಸಾಕು.

ಎಲ್ಲ ಬಾಕ್ಸನ್ನೂ ಒಂದೇ ಸಲ ಕೊಳ್ಳಿ. ಬಾಕ್ಸಿನ ಬದಿಯಲ್ಲಿ ಬ್ಯಾಚ್, ಶೇಡ್, ಸೈಜ್ ನಂಬರ್ ಅಚ್ಚಾಗಿರುತ್ತದೆ, ಮೂರೂ ಒಂದೇ ಇರಬೇಕು. ಗುಜರಾತಿನ ಮೋರ್ಬಿಯಿಂದ ಬರುವ ಅಷ್ಟೂ ಮಾಲು ಒಳ್ಳೆಯದೇ ಅಥವಾ ಅಷ್ಟೂ ಕಳಪೆಯೇ ಎನ್ನಲಾಗದು; ಒಂದೇ ವಿನ್ಯಾಸ ಬೇರೆ ಬೇರೆ ಗ್ರೇಡಿನಲ್ಲಿ ಬರುತ್ತದೆ, ಬಿಲ್ಲಿನಲ್ಲಿ ಗ್ರೇಡ್ ಬರೆಸಿ. ಎರಡು ಟೈಲ್ಸನ್ನು ಮುಖಕ್ಕೆ ಮುಖ ಜೋಡಿಸಿ ಹಿಡಿಯಿರಿ. ನಡುವೆ ಅಥವಾ ತುದಿಯಲ್ಲಿ ಬೆಳಕು ಹೆಚ್ಚು ಕಂಡರೆ ಬಾಗಿದೆ. ಇಟ್ಟಿಗೆ ಸಾಲಿನಂತೆ ಅರ್ಧಕ್ಕರ್ಧ ಸರಿಸಿ ಹಾಕುವ ಆಸೆಯಿದ್ದರೆ ಈ ಬಾಗು ಎದ್ದು ಕಾಣುತ್ತದೆ, ಏಕೆಂದರೆ ಒಂದರ ಉಬ್ಬಿದ ನಡುಭಾಗದ ಪಕ್ಕಕ್ಕೆ ಇನ್ನೊಂದರ ತಗ್ಗಿದ ತುದಿ ಬರುತ್ತದೆ. 600ರ ಉದ್ದದ ಟೈಲ್ಸನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸರಿಸಬೇಡಿ.

ಹಳೆಯ ಟೈಲ್ಸಿನ ಮೇಲೆ ಹಾಕಬಹುದೇ?

ಹಳೆಯ ಗ್ರಾನೈಟ್ ಉಳಿಸಿಕೊಂಡು ಗೋಡೆ ಮಾತ್ರ ಬದಲಿಸುವವರು ಈ ಪ್ರಶ್ನೆ ಕೇಳುತ್ತಾರೆ. ಒಂದು ನಾಣ್ಯದಿಂದ ಹಳೆಯ ಟೈಲ್ಸನ್ನು ಒಂದೊಂದಾಗಿ ತಟ್ಟಿ. ಟೊಳ್ಳು ಸದ್ದು ಅಲ್ಲೊಂದು ಇಲ್ಲೊಂದು ಬಂದರೆ ಅಷ್ಟನ್ನು ತೆಗೆದು ಗಾರೆ ತುಂಬಿಸಿ, ಉಳಿದದ್ದರ ಜಿಡ್ಡನ್ನು ಪೂರ್ತಿ ತೊಳೆದು, ಹೊಳಪು ಹೋಗುವಂತೆ ಗ್ರೈಂಡರ್ ಆಡಿಸಿ, ಟೈಲ್ಸ್ ಅಂಟಿನ ಭಾರತೀಯ ಮಾನದಂಡವಾದ ಐಎಸ್ 15477ರ ಟೈಪ್ 3 ಅಂಟಿನಿಂದ ಮೇಲೆ ಹಾಕಬಹುದು. ಅರ್ಧಕ್ಕರ್ಧ ಟೊಳ್ಳಿದ್ದರೆ ಒಡೆಯಲೇಬೇಕು. ಮೇಲೆ ಹಾಕುವಾಗ ಗೋಡೆ ಒಂದೂವರೆ ಸೆಂಟಿಮೀಟರಿನಷ್ಟು ಮುಂದೆ ಬರುತ್ತದೆ ಎಂಬುದು ನೆನಪಿರಲಿ: ಸ್ವಿಚ್ ಬಾಕ್ಸ್ ಒಳಗೆ ಹೋಗುತ್ತದೆ, ಗೋಡೆಯ ನಲ್ಲಿಗೆ ಎಕ್ಸ್‌ಟೆನ್ಷನ್ ನಿಪ್ಪಲ್ ಬೇಕಾಗುತ್ತದೆ, ಕಿಟಕಿಯ ಅಂಚಿನಲ್ಲಿ ಎರಡು ಪದರ ಕಾಣುತ್ತದೆ.

ಒಡೆಯುವುದಾದರೆ ಕೆಳಗಿನ ಸಾಲಿಗೆ ದೊಡ್ಡ ಬ್ರೇಕರ್ ಬೇಡ. ಗ್ರಾನೈಟ್ ಹಲಗೆಯ ಹಿಂದಂಚು ಗೋಡೆಯೊಳಗೆ ಸಿಕ್ಕಿಕೊಂಡಿರುತ್ತದೆ, ಏಟಿಗೆ ಸಿಂಕಿನ ಮೂಲೆಯಲ್ಲಿ ಬಿರುಕು ಬಿಡುತ್ತದೆ. ಕಟ್ಟೆಯ ಮೇಲೆ ಪ್ಲೈವುಡ್ ಹಾಸಿ, ಉಳಿ ಸುತ್ತಿಗೆಯಿಂದ ನಿಧಾನ ತೆಗೆಸಿ.

ಕೂರಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕಾದವು

ಚಿಮ್ನಿ ಪೈಪಿನ 6 ಇಂಚಿನ ತೂತು, ವೈರಿಂಗ್, ನಲ್ಲಿ ಪೈಪು, ಗ್ಯಾಸ್ ಪೈಪಿನ ದಾರಿ ಎಲ್ಲ ಟೈಲ್ಸಿಗೆ ಮೊದಲೇ ಮುಗಿದಿರಬೇಕು. ಗೋಡೆಗೆ ಪುಟ್ಟಿ, ಪೇಂಟ್ ಇದ್ದರೆ ಸಿಮೆಂಟ್ ಗಾರೆ ಕಾಣುವವರೆಗೆ ಕೆರೆಸಿ. ಪುಟ್ಟಿಯ ಮೇಲೆ ಅಂಟಿಸಿದ ಟೈಲ್ಸ್ ಪುಟ್ಟಿಯ ಸಮೇತ ಕಳಚಿ ಬರುತ್ತದೆ. ಅಂಟು ಎಷ್ಟು ಒಳ್ಳೆಯದಾದರೂ ಅದು ಹಿಡಿದಿರುವುದು ಪುಟ್ಟಿಯನ್ನು, ಗೋಡೆಯನ್ನಲ್ಲ.

ಸೆರಾಮಿಕ್ ಟೈಲ್ಸನ್ನು ನೀರಲ್ಲಿ ನೆನೆಸಿ ಸಿಮೆಂಟಿನಲ್ಲಿ ಅಂಟಿಸುವ ಹಳೆಯ ಪದ್ಧತಿ ನಡೆಯುತ್ತದೆ, ವಿಟ್ರಿಫೈಡಿಗೆ ನಡೆಯುವುದಿಲ್ಲ. ಅದು ನೀರು ಹೀರದ್ದರಿಂದ ಬರೀ ಸಿಮೆಂಟ್ ಅದರ ಬೆನ್ನನ್ನು ಕಚ್ಚುವುದಿಲ್ಲ. ಎರಡಕ್ಕೂ ಟೈಲ್ಸ್ ಅಂಟು, ಟೈಪ್ 2 ಅಥವಾ ಮೇಲಿನದು, ಬಳಸಿದರೆ ನೆಮ್ಮದಿ; ಅಂಟಿಗೆ ಹಾಕುವಾಗ ಟೈಲ್ಸ್ ನೆನೆಸಬಾರದು. 3 ಮಿ.ಮೀ. ಪದರಕ್ಕೆ 20 ಕೆ.ಜಿ. ಚೀಲ 40ರಿಂದ 50 ಚದರ ಅಡಿಗೆ ಬರುತ್ತದೆ, ನಮ್ಮ ಗೋಡೆ ನೇರವಾಗಿದ್ದರೆ ಒಂದು ಚೀಲ ಸಾಕು. 6 ಮಿ.ಮೀ. ಹಲ್ಲಿನ ಕರಣೆಯಿಂದ ಗೋಡೆಯ ಮೇಲೆ ಎಳೆದು ಟೈಲ್ಸ್ ಒತ್ತಬೇಕು. ಟೈಲ್ಸಿನ ಬೆನ್ನಿಗೆ ಐದು ಉಂಡೆ ಇಟ್ಟು ಗೋಡೆಗೆ ಬಡಿಯುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ. ಉಂಡೆಗಳ ನಡುವೆ ಟೊಳ್ಳು ಉಳಿದು, ಮುಂದೆ ಸೌಟು ತೂಗುಹಾಕುವ ಹುಕ್ಕಿಗೆ ಡ್ರಿಲ್ ಮಾಡಿದಾಗ ಟೈಲ್ಸ್ ಸೀಳುತ್ತದೆ.

ಸ್ವಿಚ್ ಬಾಕ್ಸಿನ ಚೌಕ ಕತ್ತರಿಸುವಾಗ ನಾಲ್ಕು ಮೂಲೆಗೂ ಮೊದಲು 6 ಮಿ.ಮೀ. ತೂತು ಕೊರೆದು ಆಮೇಲೆ ಗೆರೆ ಕತ್ತರಿಸಬೇಕು. ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ, ಕೆಲವೊಮ್ಮೆ ತಿಂಗಳಾದ ಮೇಲೆ. ಸಾಧ್ಯವಾದರೆ ಬಾಕ್ಸ್ ಎರಡು ಟೈಲ್ಸಿನ ಸಂದಿಗೆ ಬರದೆ ಒಂದರ ನಡುವಿಗೆ ಬರುವಂತೆ ಎಲೆಕ್ಟ್ರಿಷಿಯನ್‌ಗೆ ಮೊದಲೇ ಗುರುತು ಹಾಕಿಕೊಡಿ. ತೆರೆದ ತುದಿಗೆ ಅಲ್ಯೂಮಿನಿಯಂ ಟ್ರಿಮ್ ಪಟ್ಟಿಯನ್ನು ಟೈಲ್ಸಿನ ಜೊತೆಗೇ ಕೂರಿಸಬೇಕು, ಆಮೇಲೆ ಸೇರಿಸಲಾಗದು.

ಟೈಲ್ಸ್ ನಡುವೆ 2 ಮಿ.ಮೀ. ಸ್ಪೇಸರ್ ಇರಲಿ. ಸಂದೇ ಇಲ್ಲದೆ ಒತ್ತಿ ಹಾಕಿದರೆ ಗ್ರೌಟ್ ಒಳಗಿಳಿಯುವುದಿಲ್ಲ, ಮೇಲೆ ಸವರಿದ ಪದರ ಉದುರಿ ಆ ಕೂದಲೆಳೆ ಬಿರುಕಿನಲ್ಲಿ ಜಿಡ್ಡು ತುಂಬುತ್ತದೆ. ಒಂದು ದಿನ ಬಿಟ್ಟು ಗ್ರೌಟ್. ಎಪಾಕ್ಸಿಯಾದರೆ ನಮ್ಮ 300×600 ಗೋಡೆಗೆ ಅರ್ಧ ಕೆ.ಜಿ. ಹತ್ತಿರ ಹಿಡಿಯುತ್ತದೆ, ಒಂದು ಕೆ.ಜಿ. ಪ್ಯಾಕ್ ಸಾಕು, 75×300ಕ್ಕೆ ಸುಮಾರು ಒಂದೂವರೆ ಕೆ.ಜಿ. ಸ್ವಲ್ಪ ಸ್ವಲ್ಪವೇ ಕಲಸಿ, ನಾಲ್ಕೈದು ಚದರ ಅಡಿ ತುಂಬಿದ ಕೂಡಲೇ ಬಿಸಿನೀರು ಅದ್ದಿದ ಬಿಳಿ ಸ್ಕ್ರಬ್ಬರಿನಿಂದ ಒರೆಸಿಸಿ. ಬಿಟ್ಟರೆ ಟೈಲ್ಸಿನ ಮೇಲೆ ಮಂಜಿನಂಥ ಪದರ ಗಟ್ಟಿಯಾಗಿ ಕೂರುತ್ತದೆ, ಮ್ಯಾಟ್ ಮೇಲಂತೂ ಹೋಗುವುದೇ ಇಲ್ಲ. ಗ್ರೌಟಿನ ಬಣ್ಣ ಟೈಲ್ಸಿಗಿಂತ ಒಂದು ಛಾಯೆ ಗಾಢವಾಗಿರಲಿ.

ಗ್ರಾನೈಟ್ ಮತ್ತು ಟೈಲ್ಸ್ ಸೇರುವ ಆ 3 ಮಿ.ಮೀ. ಸಂದಿಗೆ, ಎರಡು ಗೋಡೆ ಕೂಡುವ ಮೂಲೆಗೆ ಗ್ರೌಟ್ ತುಂಬಬೇಡಿ. ಕಟ್ಟೆ, ಗೋಡೆ ಬೇರೆ ಬೇರೆಯಾಗಿ ಕೂದಲೆಳೆಯಷ್ಟು ಅಲುಗುತ್ತವೆ, ಗ್ರೌಟ್ ಬಿರಿಯುತ್ತದೆ, ಸಿಂಕಿನ ನೀರು ಆ ಬಿರುಕಿನಿಂದ ಕೆಳಗಿನ ಕಪಾಟಿನ ಹಲಗೆಗೆ ಇಳಿದು ಅದು ಉಬ್ಬುತ್ತದೆ. ಒಣಗಿದ ಸಂದಿನ ಎರಡೂ ಬದಿಗೆ ಟೇಪ್ ಹಚ್ಚಿ, ಬೂಸ್ಟು ತಡೆಯುವ ಸ್ಯಾನಿಟರಿ ಸಿಲಿಕೋನ್ ತುಂಬಿ ಬೆರಳಿನಿಂದ ಎಳೆದು, ಸಿಲಿಕೋನ್ ಹಸಿಯಿರುವಾಗಲೇ ಟೇಪ್ ಕಿತ್ತರೆ ಗೆರೆ ನೇರ ಬರುತ್ತದೆ. 24 ಗಂಟೆ ಸಿಂಕಿನ ನಲ್ಲಿ ತಿರುಗಿಸಬೇಡಿ.

ಉಳಿದ ಟೈಲ್ಸನ್ನು ಅಟ್ಟದ ಮೇಲೆ ಅಂಚಿನ ಮೇಲೆ ನಿಲ್ಲಿಸಿ ಇಡಿ, ಮಲಗಿಸಿ ಮೇಲೆ ಭಾರ ಹೇರಬೇಡಿ. ಬಾಕ್ಸಿನ ಬ್ಯಾಚ್ ನಂಬರಿರುವ ತುಂಡನ್ನು ಕತ್ತರಿಸಿ, ಗ್ರೌಟಿನ ಬಣ್ಣದ ಹೆಸರನ್ನು ಅದರ ಹಿಂದೆ ಬರೆದು, ಆ ಟೈಲ್ಸಿನ ಜೊತೆಗೇ ಕಟ್ಟಿಡಿ.